ಕಮಾನಿಗೆ ಇನ್ನೊಂದು ಪಟ್ಟಿ

ನಿವೃತ್ತಿಯಾಗಿ ಮನೆಯಲ್ಲಿ ಹಾಯಾಗಿದ್ದವಳನ್ನು ಕಂಪನಿಯವರು ಮತ್ತೆ ಕರೆದದ್ದು, ಹೊಸದಾಗಿ ಸೇರಿದ ಎಂಜಿನಿಯರುಗಳ ಮುಂದೆ ನಾಲ್ಕು ಮಾತಾಡಿ ಎಂದು. ಯಲಹಂಕದ ನಮ್ಮ ಮನೆಯಿಂದ ಆಫೀಸು ದೂರವೇನಲ್ಲ, ಹೋದೆ. ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, ಮಧ್ಯಮ ಗಾತ್ರದ ಪಿಕಪ್ ಪ್ರಪಂಚದ ಇಷ್ಟೊಂದು ದೇಶಗಳಲ್ಲಿ ಯಾಕೆ ಓಡುತ್ತದೆ, ಅದರ ಗುಟ್ಟೇನು ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಊಟದ ಹೊತ್ತಾಗಿತ್ತು, ಹಿಂದಿನ ಸಾಲಿನವರು ಆಗಲೇ ಬ್ಯಾಗು ಹೆಗಲಿಗೇರಿಸಿದ್ದರು. ಗಟ್ಟಿಮುಟ್ಟು, ತಾಳಿಕೆ ಎಂದು ಏನೋ ಎರಡು ಮಾತು ಹೇಳಿ ಕೂತುಬಿಟ್ಟೆ. ಮನೆಗೆ ಬಂದ ಮೇಲೆ ಅದೇ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಆ ಹುಡುಗಿಗೆ ಸಲ್ಲಬೇಕಾದ ಉತ್ತರವನ್ನು ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಾನು ಯಾವಾಗ ಯಾವ ಹುದ್ದೆಗೇರಿದೆ ಎಂದೆಲ್ಲ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಕೊನೆಯವರೆಗೂ ನಾನು ನೋಡಿಕೊಂಡದ್ದು ಗಾಡಿಯ ಕೆಳಭಾಗವನ್ನು. ಅಚ್ಚು, ಕಮಾನು, ಬ್ರೇಕು. ಮೇಲಿನ ಬಣ್ಣ, ದೀಪ, ಸೀಟಿನ ಚರ್ಮ ಇವೆಲ್ಲ ಬೇರೆಯವರ ಪಾಲು. ಮದುವೆ ಮನೆಗಳಲ್ಲಿ ನೆಂಟರು ಏನಮ್ಮ ಕೆಲಸ ಎಂದು ಕೇಳಿ, ನಾನು ಹೇಳಿದ ಮೇಲೆ ಪಾಪ ಎನ್ನುವಂತೆ ನೋಡುತ್ತಿದ್ದರು. ನನಗೆ ಮಾತ್ರ ಆ ಕೆಳಭಾಗ ಒಂದು ದಿನವೂ ಬೇಸರ ತರಿಸಲಿಲ್ಲ. ಗಾಡಿಯನ್ನು ಎತ್ತಿ ನಿಲ್ಲಿಸಿ ಅಡಿಯಿಂದ ನೋಡಿದರೆ ಅದರ ಯಜಮಾನ ಎಂಥವನೆಂದು ಹೇಳಿಬಿಡಬಲ್ಲೆ.

ನಮ್ಮ ಕಂಪನಿ ಪಿಕಪ್ ಮಾಡಿ ಹಲವು ದೇಶಗಳಿಗೆ ಕಳಿಸುತ್ತಿತ್ತು. ಹಾಗೆ ಕಳಿಸುವ ಮೊದಲು ಅಲ್ಲಿನ ಜನ ಅದನ್ನು ಹೇಗೆ ಬಳಸುತ್ತಾರೆಂದು ಹೋಗಿ ನೋಡಿ ಬರುವುದು ನನ್ನ ಕೆಲಸದಲ್ಲಿ ಸೇರಿತ್ತು. ಮೊದಲು ಹೋದದ್ದು ಥಾಯ್ಲೆಂಡಿಗೆ. ಪಿಕಪ್ ಅಂದರೆ ಮೂಟೆ ಹೊರುವ ಗಾಡಿ ಎಂದು ತಿಳಿದಿದ್ದ ನಮಗೆ ಅಲ್ಲಿ ಕಣ್ಣು ಬಿಟ್ಟಂತಾಯಿತು. ಅಲ್ಲಿ ಅದೇ ಮನೆಯ ಕಾರು. ಬೆಳಿಗ್ಗೆ ತರಕಾರಿ, ಮಧ್ಯಾಹ್ನ ಮಕ್ಕಳು, ಸಂಜೆ ಇಡೀ ಸಂಸಾರ. ನಮ್ಮ ಗಾಡಿಯನ್ನು ಅಲ್ಲಿ ಮಾರಲು ಒಪ್ಪಿದ್ದ ವ್ಯಾಪಾರಿ ಬಹಳ ಮರ್ಯಾದಸ್ಥ. ನಿಮ್ಮ ಕಮಾನು ಗಡುಸಾಯಿತು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ತನ್ನ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಿಸಿ, ಆಕೆಯ ಮಡಿಲಲ್ಲಿ ಮೀನು ಸಾರಿನ ಪಾತ್ರೆ ಇಟ್ಟು, ಊರಾಚೆಯ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದ. ವಾಪಸು ಬರುವಷ್ಟರಲ್ಲಿ ಅರ್ಧ ಸಾರು ನನ್ನ ಸೀರೆಯ ಮೇಲಿತ್ತು. ಮುದುಕಿ ಮುಸಿಮುಸಿ ನಕ್ಕಳು. ಅಂದಿನಿಂದ ನಮ್ಮ ವಿಭಾಗದಲ್ಲಿ ಮೆತ್ತನೆಯ ಸವಾರಿಯ ಪರೀಕ್ಷೆಗೆ ಸಾರು ಪರೀಕ್ಷೆ ಎಂದೇ ಹೆಸರು ಬಿತ್ತು.

ಕಮಾನು ಅಂದರೇನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಗಾಡಿಯ ಹಿಂದಿನ ಅಚ್ಚಿನ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಗ್ಗಿಸಿ ಬಿಗಿದಿರುತ್ತಾರಲ್ಲ, ಅದೇ ಕಮಾನು. ಪಟ್ಟಿ ಹೆಚ್ಚಾದಷ್ಟೂ ಅದು ಬಗ್ಗುವುದು ಕಡಿಮೆ. ಸಾರು ಚೆಲ್ಲಬಾರದೆಂದರೆ ಅದು ಮೆತ್ತಗಿರಬೇಕು, ಮೂಟೆ ಹೇರಬೇಕೆಂದರೆ ಗಡುಸಾಗಿರಬೇಕು. ಎರಡನ್ನೂ ಒಂದೇ ಗಾಡಿಯಲ್ಲಿ ಹೊಂದಿಸುವುದರಲ್ಲೇ ನನ್ನ ತಲೆಗೂದಲು ಬೆಳ್ಳಗಾದದ್ದು.

ಕೊಲ್ಲಿಯ ದೇಶಕ್ಕೆ ಹೋದಾಗ ಇನ್ನೊಂದು ಪಾಠ. ಮರಳುಗಾಡಿನ ಅಂಚಿನಲ್ಲಿ ನಮ್ಮ ಪಿಕಪ್ಪಿನ ಹಿಂದಿನ ತೊಟ್ಟಿಯಲ್ಲಿ ಒಂಟೆಯೊಂದನ್ನು ಮಂಡಿಯೂರಿ ಕೂರಿಸಿಕೊಂಡು ಒಬ್ಬಾತ ಹೊರಟಿದ್ದ. ನನ್ನ ಜೊತೆ ಬಂದಿದ್ದ ಲೆಕ್ಕದ ಎಂಜಿನಿಯರ್ ಮೂಟೆ, ಪೀಪಾಯಿ, ಕಲ್ಲು ಎಲ್ಲದರ ಭಾರವನ್ನೂ ಲೆಕ್ಕ ಹಾಕಿದ್ದವನು, ತಿರುವಿನಲ್ಲಿ ಕುತ್ತಿಗೆ ಆಚೆ ಹಾಕಿ ಒಂದು ಬದಿಗೆ ವಾಲುವ ಭಾರವನ್ನು ಮಾತ್ರ ಕಂಡಿರಲಿಲ್ಲ. ತಲೆ ಕೆರೆದುಕೊಂಡು ನಿಂತುಬಿಟ್ಟ. ಒಂಟೆ ಅವನನ್ನು ಕ್ಯಾರೇ ಅನ್ನದೆ ಮೆಲುಕು ಹಾಕುತ್ತಿತ್ತು.

ದಕ್ಷಿಣ ಆಫ್ರಿಕಾದಲ್ಲಿ ತೊಟ್ಟಿಗೆ ಗೂಡು ಕಟ್ಟಿಸಿ ಬೀಗ ಹಾಕುತ್ತಾರೆ. ಆಸ್ಟ್ರೇಲಿಯಾದಲ್ಲಿ ತೊಟ್ಟಿಯನ್ನೇ ಕಿತ್ತು ಅಲ್ಯುಮಿನಿಯಂ ಹಲಗೆ ಹಾಕಿಸಿ, ಹಿಂದೆ ಮನೆಯಷ್ಟು ದೊಡ್ಡ ಬಂಡಿ ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಅಮೆರಿಕದಲ್ಲಿ ನಮ್ಮ ಗಾಡಿ ಅವರ ದೊಡ್ಡ ಪಿಕಪ್ಪಿನ ಪಕ್ಕ ನಿಂತರೆ ಕರುವಿನಂತೆ ಕಾಣುತ್ತದೆ. ಅದೇ ಕರುವನ್ನು ಆರ್.ಟಿ. ನಗರದ ಯಾವುದಾದರೂ ಅಡ್ಡರಸ್ತೆಯಲ್ಲಿ ತಿರುಗಿಸಲು ಹೋಗಿ ನೋಡಿ. ಸೊಪ್ಪಿನವಳು, ಸ್ಕೂಟರಿನವನು, ಮಹಡಿಯ ಮೇಲೆ ಬಟ್ಟೆ ಒಣಹಾಕುವವರು ಎಲ್ಲ ಸೇರಿ ದಾರಿ ಹೇಳಬೇಕು.

ನಮ್ಮವರ ಕಥೆ ಎಲ್ಲಕ್ಕಿಂತ ಬೇರೆ. ಬಾಗಲಗುಂಟೆಯ ಹಳೆಯ ಗೌಡರ ಮನೆಯವರೊಬ್ಬರು ಹೊಲವನ್ನು ಸೈಟು ಮಾಡಿ ಈಗ ಕಟ್ಟಡ ಕಟ್ಟಿಸುವವರು. ನಮ್ಮ ಅತ್ಯಂತ ದುಬಾರಿ ಪಿಕಪ್ಪನ್ನು ಸ್ವಂತಕ್ಕೆಂದು ಕೊಂಡರು. ನಾಲ್ಕು ಬಾಗಿಲು, ಚರ್ಮದ ಸೀಟು. ರೇಷ್ಮೆ ಪಂಚೆ ಉಟ್ಟು ಅದರಲ್ಲೇ ಮದುವೆಗೆ ಹೋದರೆ, ಛತ್ರದ ಗೇಟಿನವನು ಹಿಂದಿನ ತೊಟ್ಟಿ ನೋಡಿ, ಅಡಿಗೆಯವರ ಗಾಡಿ ಹಿಂಬಾಗಿಲಿಗೆ ಹೋಗಲಿ ಎಂದು ಕೈ ತೋರಿಸಿದನಂತೆ. ಮಾರನೆಯ ದಿನ ಗೌಡರು ನೇರ ನಮ್ಮ ಆಫೀಸಿಗೇ ಬಂದು ಹರಿಹಾಯ್ದರು. ನಗು ತಡೆದುಕೊಂಡು ಕಾಫಿ ಕೊಟ್ಟು ಕಳಿಸಿದೆ. ಥಾಯ್ಲೆಂಡಿನಲ್ಲಿ ಮದುಮಗಳು ಇಳಿಯುವ ಗಾಡಿ ನಮ್ಮಲ್ಲಿ ಪಾತ್ರೆ ಇಳಿಸುವ ಗಾಡಿ. ಗಾಡಿ ಒಂದೇ.

ನಮ್ಮಲ್ಲಿ ಪಿಕಪ್ ಮಾರಾಟವಾಗುವುದು ದುಡಿಮೆಗೆ. ದುಡಿಯುವ ಗಾಡಿ ನೋಡಬೇಕೆಂದರೆ ಯಶವಂತಪುರದ ಮಾರುಕಟ್ಟೆಗೆ ಬೆಳಗಿನ ಜಾವ ಹೋಗಬೇಕು. ಈರುಳ್ಳಿ, ಆಲೂಗಡ್ಡೆಯ ಮೂಟೆಗಳು ಹಮಾಲರ ಬೆನ್ನ ಮೇಲಿಂದ ಇಳಿಯುವ ಸದ್ದು ಕೇಳುತ್ತ ನಾನು ಎಷ್ಟೋ ಬೆಳಗು ಅಲ್ಲಿ ನಿಂತಿದ್ದೇನೆ. ಅಲ್ಲೇ ನನಗೆ ಒಂದು ಪದ್ಧತಿ ಗೊತ್ತಾದದ್ದು. ಹೊಸ ಗಾಡಿ ಷೋರೂಮಿನಿಂದ ಹೊರಬಿದ್ದರೆ ಮೊದಲು ದೇವಸ್ಥಾನಕ್ಕೆ. ಅಲ್ಲಿ ಪೂಜೆ, ಚಕ್ರದ ಕೆಳಗೆ ನಿಂಬೆಹಣ್ಣು. ಅಲ್ಲಿಂದ ನೇರವಾಗಿ ಕಮಾನಿನ ಶೆಡ್ಡಿಗೆ. ಒಂದು ಮೂಟೆಯೂ ಹೇರುವ ಮೊದಲೇ ಹಿಂದಿನ ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸಿ ಬಿಗಿಸುತ್ತಾರೆ. ಭಾರ ಹಾಕಿದಾಗ ಗಾಡಿಯ ಬೆನ್ನು ಕೆಳಗಿಳಿಯಬಾರದು. ಇಳಿದರೆ ಅದು ಗಾಡಿಗೂ ಅವಮಾನ, ಯಜಮಾನನಿಗೂ ಅವಮಾನ. ಸಾರು ಚೆಲ್ಲದಿರಲೆಂದು ನಾವು ಕಮಾನನ್ನು ಮೆತ್ತಗೆ ಮಾಡಿದ ಮೇಲಂತೂ ಪಟ್ಟಿ ಹಾಕಿಸದ ಗಾಡಿಯೇ ಆ ಮಾರುಕಟ್ಟೆಯಲ್ಲಿ ಇರಲಿಲ್ಲ.

ಆ ಶೆಡ್ಡುಗಳಲ್ಲಿ ಹೆಸರಾದದ್ದು ರಹಮತ್ ಸಾಬರದು. ಯಶವಂತಪುರದ ರೈಲ್ವೆ ಗೋಡೆಯ ಪಕ್ಕದಲ್ಲಿ ತಗಡಿನ ಚಾವಣಿ, ಕುಲುಮೆ, ಗೋಡೆಗೆ ಒರಗಿಸಿದ ಪಟ್ಟಿಗಳ ರಾಶಿ. ಮನೆಯವರ ಜೊತೆ ದಖ್ಖನಿಯಲ್ಲಿ, ಗಿರಾಕಿಗಳ ಜೊತೆ ಅಪ್ಪಟ ಬೆಂಗಳೂರು ಕನ್ನಡದಲ್ಲಿ ಮಾತಾಡುವ ಆಸಾಮಿ. ಬಾಯಿಬಡುಕ, ಜಂಬಗಾರ, ಕೆಲಸದಲ್ಲಿ ಎತ್ತಿದ ಕೈ. ಮೊದಲ ಸಲ ಕಂಪನಿಯವಳೆಂದು ತಿಳಿದದ್ದೇ ತಡ, ನಿಮ್ಮ ಕಮಾನು ಹಪ್ಪಳ ಇದ್ದಂಗಿದೆ ಮೇಡಂ ಎಂದು ಶುರುಮಾಡಿದರು. ನಿಮ್ಮಂಥವರು ಹಪ್ಪಳಕ್ಕೆ ರೊಟ್ಟಿ ಕಟ್ಟಿ ಕೊಡ್ತೀರಲ್ಲ ಎಂದು ನಾನೂ ಬಿಡಲಿಲ್ಲ. ಅವತ್ತಿನಿಂದ ಮಾರುಕಟ್ಟೆಗೆ ಹೋದಾಗಲೆಲ್ಲ ಅವರ ಶೆಡ್ಡಿನಲ್ಲಿ ನನಗೆ ಒಂದು ಸ್ಟೂಲು, ಒಂದು ಲೋಟ ಟೀ ಇದ್ದೇ ಇರುತ್ತಿತ್ತು.

ಈ ಪಟ್ಟಿಯ ಸುದ್ದಿಯನ್ನು ನಾನು ಮಾರುಕಟ್ಟೆಯಲ್ಲಿ ಕಂಡು ಬಂದ ದಿನವೇ ನಮ್ಮ ಮುಖ್ಯಸ್ಥರಿಗೆ ಹೇಳಿದ್ದೆ. ಅವರು ದೇಶಪಾಂಡೆ, ಧಾರವಾಡದ ಕಡೆಯವರು. ನಾನು ಕಂಡ ಅತ್ಯಂತ ಬುದ್ಧಿವಂತ ಎಂಜಿನಿಯರ್. ಶಬ್ದ ಕೇಳಿಯೇ ಯಾವ ಬೋಲ್ಟು ಸಡಿಲವೆಂದು ಹೇಳುತ್ತಿದ್ದರು. ನಿಯಮದ ವಿಷಯದಲ್ಲಿ ಮಾತ್ರ ಕಲ್ಲುಬಂಡೆ. ನಾವು ಬರೆದು ಕೊಟ್ಟಂತೆ ಗಾಡಿ ಬಳಸುವವನು ಗಿರಾಕಿ, ಉಳಿದವರೆಲ್ಲ ಅವರ ಲೆಕ್ಕದಲ್ಲಿ ಕಿಡಿಗೇಡಿಗಳು. ಪಟ್ಟಿಯ ಮಾತನ್ನು ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಕಮಾನು ಬದಲಿಸಬಾರದೆಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರು. ಆ ಪುಸ್ತಕ ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇರುತ್ತಿತ್ತು, ಯಾರೂ ಬಿಚ್ಚುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಊಟ ಮುಗಿಸಿ ಬರುತ್ತಿದ್ದೆ. ಗೇಟಿನಲ್ಲಿ ಸೆಕ್ಯುರಿಟಿಯವನ ಜೊತೆ ಒಬ್ಬ ವಾದ ಮಾಡುತ್ತಿದ್ದ. ನಲವತ್ತರ ಆಸುಪಾಸು, ಗಟ್ಟಿ ಆಳು, ದನಿ ಮಾತ್ರ ಸೋತುಹೋಗಿತ್ತು. ಅವನೇ ಮುನಿರಾಜು. ಊರು ಚಿಕ್ಕಜಾಲ. ನಮ್ಮದೇ ಪಿಕಪ್ ಇಟ್ಟುಕೊಂಡು ಸುತ್ತಲಿನ ಹಳ್ಳಿಗಳ ಆಲೂಗಡ್ಡೆ, ಕೋಸು ತುಂಬಿಕೊಂಡು ಯಶವಂತಪುರಕ್ಕೆ ಹೊಡೆಯುತ್ತಿದ್ದ. ಪಕ್ಕದ ಸೀಟಿನಲ್ಲಿ ಯಾವಾಗಲೂ ಹೆಂಡತಿ ರತ್ನಮ್ಮ. ಗಾಡಿ ಇವನು ನಡೆಸಿದರೆ ಮಾರುಕಟ್ಟೆಯ ವ್ಯವಹಾರ ಆಕೆಯದು. ಕೆಲವು ತಿಂಗಳ ಹಿಂದೆ ಹೆಬ್ಬಾಳದ ಫ್ಲೈಓವರಿನ ಇಳಿಜಾರಿನಲ್ಲಿ ಮುಂದಿದ್ದ ವಾಹನಗಳು ನಿಂತಿವೆ, ಇವನ ಗಾಡಿ ನಿಲ್ಲದೆ ಹೋಗಿ ನೀರಿನ ಟ್ಯಾಂಕರಿನ ಹಿಂಬದಿಗೆ ಗುದ್ದಿದೆ. ಇವನಿಗೆ ತರಚು ಗಾಯ. ರತ್ನಮ್ಮನ ಬಲಗೈ ಮುರಿಯಿತು.

ಪೊಲೀಸರು ಅಡ್ಡಾದಿಡ್ಡಿ ಚಾಲನೆ ಎಂದು ಕೇಸು ಬರೆದರು. ನಮ್ಮ ಸರ್ವಿಸ್ ಸ್ಟೇಷನ್ನಿನವರು ಬ್ರೇಕು ಬಿಚ್ಚಿ ನೋಡಿ, ಗಾಡಿ ಓಡಿಸಿ ನೋಡಿ, ಎಲ್ಲ ಸರಿಯಾಗಿದೆ ಎಂದರು. ಅವನು ಅದಕ್ಕೆಲ್ಲ ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಅವನನ್ನು ತಿನ್ನುತ್ತಿದ್ದದ್ದು ಬೇರೆ. ಇಳಿಜಾರಿನಲ್ಲಿ ಅವನ ಫೋನು ಒಮ್ಮೆ ರಿಂಗಾಗಿತ್ತಂತೆ. ಇವನು ಫೋನ್ ನೋಡುತ್ತ ಬ್ರೇಕು ಮರೆತ ಎಂದು ರತ್ನಮ್ಮ ತೀರ್ಮಾನಿಸಿದ್ದಳು. ಕೈ ಕೂಡಿಕೊಂಡ ಮೇಲೂ ಆಕೆ ಅವನ ಗಾಡಿ ಹತ್ತಲಿಲ್ಲ. ಮಾರುಕಟ್ಟೆಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಇವನು ಗಾಡಿ ಹೊಡೆದುಕೊಂಡು ಹಿಂದೆ ಹೋಗುತ್ತಿದ್ದ.

"ನಾ ಬ್ರೇಕ್ ಒತ್ತಿದ್ದೆ ಮೇಡಮ್ಮೋರೆ," ಎಂದ. "ಪೂರಾ ಒತ್ತಿದ್ದೆ. ಪೊಲೀಸ್ನೋರು ನಂಬದಿದ್ರೆ ಓಗ್ಲಿ. ಅವಳು ನಂಬ್ತಿಲ್ಲ."

ನನಗೆ ಅಪಘಾತದ ಕಥೆ ಹೇಳಲು ಬಂದವರು ಬಹಳ. ಸುಳ್ಳು ಹೇಳುವವರು ಗಾಡಿಯನ್ನು ಬೈಯುತ್ತಾರೆ. ಇವನು ನಮ್ಮ ಗಾಡಿಯ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಪೆಡಲು ಹೇಗಿತ್ತು ಎಂದು ಕೇಳಿದೆ. ಕಲ್ಲಿನಂತೆ ಗಟ್ಟಿಯಿತ್ತು, ಗಾಡಿಯ ಮೂತಿ ನೆಲಕ್ಕೆ ಬಗ್ಗಿತು, ಆದರೂ ಹಿಂದಿನಿಂದ ಯಾರೋ ನೂಕಿದ ಹಾಗೆ ಹೋಗುತ್ತಲೇ ಇತ್ತು ಎಂದ. ಆ ವಿವರಣೆ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಫೋನ್ ನೋಡುತ್ತಿದ್ದವನಿಗೆ ಗಾಡಿಯ ಮೂತಿ ಬಗ್ಗಿದ್ದು ಗೊತ್ತಾಗುವುದಿಲ್ಲ. ಗಾಡಿಯನ್ನು ಒಳಗೆ ತರಿಸಿ, ಎತ್ತಿ ನಿಲ್ಲಿಸಿ, ಕೆಳಗೆ ಹೋಗಿ ನೋಡಿದೆ. ಕಮಾನಿನಲ್ಲಿ ನಮ್ಮದಲ್ಲದ ಒಂದು ಪಟ್ಟಿ ಇತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ. ನಾನು ಆಮೇಲೆ ನೋಡಿದ್ದು ಅದರ ಪಕ್ಕದಲ್ಲಿದ್ದ ಕಂಬಿಯನ್ನು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಅದಕ್ಕೆ ಪೂರ್ತಿ ಬ್ರೇಕು ಕೊಟ್ಟರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. ತುಂಬಿದ ಗಾಡಿಗೆ ಹಿಂದೆಯೂ ಪೂರ್ತಿ ಬ್ರೇಕು ಬೇಕು. ಆದ್ದರಿಂದ ಆ ಮಾದರಿಯಲ್ಲಿ ನಾವು ಒಂದು ವಾಲ್ವು ಇಟ್ಟಿದ್ದೆವು, ಅದರಿಂದ ಅಚ್ಚಿಗೆ ಒಂದು ಕಂಬಿ. ಭಾರ ಬಿದ್ದಾಗ ತೊಟ್ಟಿ ಕೆಳಗಿಳಿಯುತ್ತದೆ, ಕಂಬಿ ವಾಲ್ವನ್ನು ತಳ್ಳುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚುತ್ತದೆ. ಅಂದರೆ ಗಾಡಿ ತುಂಬಿದೆಯೋ ಖಾಲಿಯೋ ಎಂಬುದು ವಾಲ್ವಿಗೆ ಗೊತ್ತಾಗುವುದು ತೊಟ್ಟಿ ಇಳಿದಾಗ ಮಾತ್ರ. ಹೆಚ್ಚಿನ ಪಟ್ಟಿ ಹಾಕಿದ ಗಾಡಿಯಲ್ಲಿ ತೊಟ್ಟಿ ಇಳಿಯುವುದೇ ಇಲ್ಲ. ಹೊಟ್ಟೆ ತುಂಬ ಆಲೂಗಡ್ಡೆ ಹೊತ್ತು ಹೆಬ್ಬಾಳ ಇಳಿಯುತ್ತಿದ್ದ ಗಾಡಿಯನ್ನು ವಾಲ್ವು ಖಾಲಿ ಎಂದೇ ತಿಳಿದಿತ್ತು. ಸರ್ವಿಸ್ ಸ್ಟೇಷನ್ನಿನವರು ಗಾಡಿಯನ್ನು ಪರೀಕ್ಷಿಸಿದ್ದು ಖಾಲಿಯಾಗಿ. ಖಾಲಿ ಗಾಡಿ ಚೆನ್ನಾಗಿಯೇ ನಿಂತಿತು.

ಯಶವಂತಪುರದಲ್ಲಿ ಸಾಲಾಗಿ ನಿಲ್ಲುತ್ತಿದ್ದ ನಮ್ಮ ಗಾಡಿಗಳೆಲ್ಲ ಕಣ್ಣಮುಂದೆ ಬಂದವು. ಅವೆಲ್ಲಕ್ಕೂ ಪಟ್ಟಿ ಬಿದ್ದಿತ್ತು.

ದೇಶಪಾಂಡೆಯವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರಿಗೆ ಅರ್ಥವಾಗಲು ನನ್ನಷ್ಟು ಹೊತ್ತೂ ಬೇಕಾಗಲಿಲ್ಲ. ಕಾಗದದ ಮೇಲೆ ನಾಲ್ಕು ಗೆರೆ ಎಳೆದು, ಹೌದು, ಹಿಂಗ ಆಗಲಿಕ್ಕೇ ಬೇಕು ಎಂದರು. ಆಮೇಲೆ ಪೆನ್ನು ಮುಚ್ಚಿಟ್ಟರು. "ನೋಡ್ರಿ ಮೇಡಂ, ಗಿರಾಕಿ ಕಮಾನು ಬಿಚ್ಚಿಸಿದ ಮ್ಯಾಲೆ ಅದು ನಮ್ಮ ಗಾಡಿ ಅಲ್ಲ. ಬ್ಯಾಡ ಅಂತ ಪುಸ್ತಕದಾಗ ಬರದೇವಿ."

ಪುಸ್ತಕ ಸೀಟಿನ ಕೆಳಗಿದೆ ಸರ್, ಪ್ಲಾಸ್ಟಿಕ್ಕನ್ನೂ ತೆಗೆದಿಲ್ಲ ಎಂದೆ. ಅದು ನಮ್ಮ ತಪ್ಪಲ್ಲ ಎಂದರು. ಅವರ ಮೇಲೆ ಗೌರವವಿದ್ದರೂ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಆಸ್ಟ್ರೇಲಿಯಾದ ಗಿರಾಕಿಗಳಿಗೆಂದು ನಾವು ತಯಾರಿಸಿದ ಗಡುಸು ಕಮಾನಿನ ಮಾದರಿಯೂ ಅದರ ಕಂಬಿಯೂ ಇದ್ದವು. ಅಲ್ಲಿನವರು ದೊಡ್ಡ ಬಂಡಿ ಎಳೆಯಲು ಕಮಾನು ಬದಲಿಸುತ್ತಾರೆಂದು ತಿಳಿದ ಕೂಡಲೇ, ಇದೇ ದೇಶಪಾಂಡೆ ನಮ್ಮನ್ನೆಲ್ಲ ಕೂರಿಸಿ, ಆ ಕಮಾನಿಗೆ ಸರಿಹೊಂದುವಂತೆ ವಾಲ್ವಿಗೆ ಉದ್ದದ ಕಂಬಿ ಮಾಡಿಸಿ, ತಾವೇ ಒಪ್ಪಿಗೆ ಕೊಟ್ಟಿದ್ದರು.

"ಸರ್, ಆಸ್ಟ್ರೇಲಿಯಾದವನು ಕಮಾನು ಬದಲಾಯಿಸಿದ್ರೆ ಅದು ಮಾರ್ಕೆಟ್ಟಿನ ಬೇಡಿಕೆ," ಎಂದೆ. "ಚಿಕ್ಕಜಾಲದವನು ಬದಲಾಯಿಸಿದ್ರೆ ಅದು ತಪ್ಪು ಬಳಕೆ. ಈ ವ್ಯತ್ಯಾಸ ಯಾವ ಎಂಜಿನಿಯರಿಂಗ್ ಪುಸ್ತಕದಲ್ಲಿದೆ?"

ಅವರು ತಿರುಗಿ ಕಪಾಟಿನ ಕಡೆ ನೋಡಿದರು. ನಾನು ಎದ್ದು ಹೋಗುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ಕೊನೆಗೆ, ನನ್ನ ಕಣ್ಣಾರೆ ನೋಡಬೇಕು, ತೋರಸ್ರಿ ಎಂದರು. ದೊಡ್ಡ ಮನುಷ್ಯ. ವಾದದಲ್ಲಿ ಸೋತವರು ಹೀಗೆ ತೋರಿಸು ಎನ್ನುವುದು ಅಪರೂಪ, ಸಾಮಾನ್ಯವಾಗಿ ಮೀಟಿಂಗ್ ಇಡೋಣ ಎನ್ನುತ್ತಾರೆ.

ಪರೀಕ್ಷೆ ನಮ್ಮ ಆವರಣದೊಳಗಿನ ರಸ್ತೆಯಲ್ಲೇ ಎಂದು ನಿಶ್ಚಯವಾಯಿತು. ಮರಳು ಚೀಲ ತುಂಬೋಣ ಎಂದು ತಂಡದವರು ಹೇಳಿದರು. ಬೇಡ ಎಂದೆ. ಅಪಘಾತದ ದಿನ ಹೇಗೆ ಹೇರಿದ್ದನೋ ಹಾಗೇ ಆಲೂಗಡ್ಡೆ ಹೇರಿಕೊಂಡು ಬಾ ಎಂದು ಮುನಿರಾಜುವಿಗೆ ಹೇಳಿದೆ. ಅವನು ಒಪ್ಪಿದ, ಪರೀಕ್ಷೆ ಮುಗಿದ ತಕ್ಷಣ ಮಾಲು ಮಾರುಕಟ್ಟೆಗೆ ಹೋಗಬೇಕು ಎಂಬುದಷ್ಟೇ ಅವನ ಕರಾರು. ಹೆಂಡತಿಯನ್ನೂ ಕರೆದುಕೊಂಡು ಬಾ ಎಂದೆ. ಅವನ ಮುಖ ಸಣ್ಣದಾಯಿತು. ಕಂಪನಿಯ ಮೇಡಂ ಕರೆದಿದ್ದಾರೆಂದು ಹೇಳು, ನಿನಗಾಗಿ ಅಲ್ಲದಿದ್ದರೂ ನನಗಾಗಿ ಬರುತ್ತಾಳೆ ಎಂದು ಕಳಿಸಿದೆ. ರಹಮತ್ ಸಾಬರಿಗೂ ಹೇಳಿ ಕಳಿಸಿದೆ. ಆ ಪಟ್ಟಿ ಅವರದೇ ಕೈಕೆಲಸ, ನನಗೆ ನೋಡಿದ ಕೂಡಲೇ ತಿಳಿದಿತ್ತು.

ರತ್ನಮ್ಮ ಬಂದಳು, ಬಸ್ಸಿನಲ್ಲಿ. ಗೇಟಿನಿಂದ ನಡೆದು ಬಂದು ನನಗೆ ನಮಸ್ಕಾರ ಮಾಡಿ ಮರದ ನೆರಳಿನಲ್ಲಿ ನಿಂತಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಗಂಡ ಗಾಡಿಯ ಆಚೆ ಬದಿಯಲ್ಲಿ ನಿಂತಿದ್ದ. ಅವಳಿಗೆ ವಾಲ್ವಿನ ವಿಷಯ ನಾನೇ ವಿವರಿಸಿದೆ, ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದೆ. ಕೇಳಿಸಿಕೊಂಡಳು. ನಂಬಿದಳೆಂದು ಮುಖ ನೋಡಿ ಹೇಳುವಂತಿರಲಿಲ್ಲ.

ಗಾಡಿ ನಾನೇ ಓಡಿಸಿದೆ. ಬೇರೆ ಚಾಲಕರಿದ್ದರು, ಆದರೆ ಆ ದಿನ ಸ್ಟೀರಿಂಗನ್ನು ಇನ್ನೊಬ್ಬರ ಕೈಗೆ ಕೊಡುವ ಮನಸ್ಸಾಗಲಿಲ್ಲ. ಪೆಡಲಿಗೆ ಒತ್ತಡ ಅಳೆಯುವ ಯಂತ್ರ ಕಟ್ಟಿದ್ದರು. ರಸ್ತೆಯಲ್ಲಿ ನಿಲ್ಲಬೇಕಾದ ಜಾಗಕ್ಕೆ, ಟ್ರಾಫಿಕ್ ಪೊಲೀಸರು ಇಡುವಂಥ ಪ್ಲಾಸ್ಟಿಕ್ಕಿನ ಕೆಂಪು ಟೋಪಿಗಳನ್ನು ಇಟ್ಟಿದ್ದರು. ಪಟ್ಟಿ ಇದ್ದಂತೆಯೇ, ಆಲೂಗಡ್ಡೆ ತುಂಬಿದಂತೆಯೇ ಮೊದಲ ಓಟ. ವೇಗಕ್ಕೆ ಬಂದು ಬ್ರೇಕು ಒತ್ತಿದೆ. ಪೆಡಲು ಕಲ್ಲಿನಂತಾಯಿತು, ಮೂತಿ ಬಗ್ಗಿತು, ಗಾಡಿ ನಿಲ್ಲಲಿಲ್ಲ. ಕೆಂಪು ಟೋಪಿಗಳು ದಡದಡ ಬಂಪರಿಗೆ ಬಡಿದು ಹಾರಿದವು. ಅವನು ಹೇಳಿದ್ದು ಅಕ್ಷರಶಃ ನಿಜ, ಹಿಂದಿನಿಂದ ಯಾರೋ ನೂಕಿದ ಹಾಗೇ ಇತ್ತು.

ಆಮೇಲೆ ರಹಮತ್ ಸಾಬರು ಕೆಳಗೆ ಇಳಿದು ತಮ್ಮ ಪಟ್ಟಿ ಬಿಚ್ಚಿದರು. ಗಾಡಿಯ ಬೆನ್ನು ಕುಸಿಯಿತು. ಅದೇ ಆಲೂಗಡ್ಡೆ, ಅದೇ ವೇಗ. ಟೋಪಿಗಳಿಗಿಂತ ಬಹಳ ಮೊದಲೇ ನಿಂತಿತು. ಮೂರನೆಯ ಓಟಕ್ಕೆ ಪಟ್ಟಿ ಮತ್ತೆ ಹಾಕಿಸಿ, ಕಪಾಟಿನಲ್ಲಿದ್ದ ಆಸ್ಟ್ರೇಲಿಯಾದ ಉದ್ದ ಕಂಬಿಯನ್ನು ಜೋಡಿಸಿದೆವು. ಬೆನ್ನು ನೆಟ್ಟಗೆ ನಿಂತಿತು, ಗಾಡಿಯೂ ನಿಂತಿತು. ದೇಶಪಾಂಡೆ ಯಂತ್ರದ ಪರದೆ ನೋಡಲೇ ಇಲ್ಲ. ಉರುಳಿ ಬಿದ್ದ ಟೋಪಿಗಳನ್ನು ತಾವೇ ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದರು. ಆಮೇಲೆ ರಹಮತ್ ಸಾಬರ ಹತ್ತಿರ ಹೋಗಿ, ಈ ಕಂಬಿ ನಿಮ್ಮ ಶೆಡ್ಡಿಗೆ ಕಳಸ್ತೇವಿ, ಪಟ್ಟಿ ಹಾಕೂ ಪ್ರತಿಯೊಂದು ಗಾಡಿಗೂ ಇದನ್ನ ಹಾಕ್ರಿ, ಉಳಿದ ಶೆಡ್ಡಿನವರಿಗೂ ಕಲಿಸ್ರಿ ಎಂದರು. ಸಾಬರು ಆ ದಿನ ಜಂಬ ಕೊಚ್ಚಲಿಲ್ಲ. ಈಗಾಗಲೇ ಹಾಕಿರೋ ಗಾಡಿಗಳನ್ನೆಲ್ಲ ವಾಪಸ್ ಕರೆಸ್ತೀನಿ ಸಾರ್, ಅಷ್ಟೂ ನನಗೆ ಗೊತ್ತಿರೋ ಮುಖಗಳೇ ಎಂದಷ್ಟೇ ಹೇಳಿದರು.

ಮಾತಿನಂತೆ ಎಲ್ಲ ನಡೆಯಿತು. ಪೊಲೀಸರಿಗೂ ದೇಶಪಾಂಡೆಯವರೇ ಬರೆದು ಕೊಟ್ಟರು. ಈಗಿನ ಗಾಡಿಗಳಲ್ಲಿ ಆ ಕೆಲಸವನ್ನೆಲ್ಲ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುತ್ತದೆ, ಕಂಬಿಯ ಕಾಲ ಮುಗಿಯುತ್ತ ಬಂದಿದೆ. ಹೊಸ ಎಂಜಿನಿಯರುಗಳಾದ ನೀವು ಕಂಪ್ಯೂಟರಿನ ಮುಂದೆ ಕೂತೇ ಗಾಡಿಯನ್ನು ಸಾವಿರ ಸಲ ಓಡಿಸಬಲ್ಲಿರಿ. ಓಡಿಸಿ, ತಪ್ಪಿಲ್ಲ. ಆದರೆ ಗಾಡಿ ಕೊಂಡವನು ಮೊದಲು ಬಿಚ್ಚಿ ಬದಲಿಸುವುದು ಏನನ್ನು ಎಂದು ಹೋಗಿ ಕೇಳಿ. ಆ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರವೂ ಅದೇ. ಕಾರು ಕೊಂಡವನು ಅದು ಹೇಗಿದೆಯೋ ಹಾಗೆ ಇಟ್ಟುಕೊಳ್ಳುತ್ತಾನೆ. ಪಿಕಪ್ ಕೊಂಡವನು ಅದನ್ನು ತನ್ನ ಬದುಕಿಗೆ ತಕ್ಕಂತೆ ಮಾಡಿಕೊಳ್ಳುತ್ತಾನೆ, ಅದೂ ಸುಮ್ಮನೆ ಮಾಡಿಸಿಕೊಳ್ಳುತ್ತದೆ. ಅದಕ್ಕೇ ಅದು ಎಲ್ಲ ಕಡೆ ಓಡುವುದು. ಗಾಡಿಯನ್ನು ನಾವು ಅರ್ಧ ಮಾಡುತ್ತೇವೆ, ಉಳಿದರ್ಧ ಅವರದು. ಆ ಉಳಿದರ್ಧದ ಹೊಣೆಯೂ ನಮ್ಮದೇ.

ಆ ದಿನ ಪರೀಕ್ಷೆ ಮುಗಿದು ಎಲ್ಲರೂ ಚದುರುತ್ತಿದ್ದರು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಮುನಿರಾಜುವಿನ ಕಡೆ ನೋಡಿದರೆ ಅವನು ಗಾಡಿಯ ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಕಮಾನನ್ನೇ ನೋಡುತ್ತಿದ್ದ. ಹತ್ತಿರ ಹೋದೆ. ಇನ್ನೇನಪ್ಪ, ನೀನು ಹೇಳಿದ್ದು ನಿಜ ಎಂದು ಎಲ್ಲರೂ ನೋಡಿದರಲ್ಲ ಎಂದೆ.

"ಅಂಗಾದ್ರೆ ತಪ್ಪು ನಂದೇ ಅಲ್ವಾ ಮೇಡಮ್ಮೋರೆ?" ಎಂದ. "ಪಟ್ಟಿ ಆಕ್ಸಿದ್ದು ನಾನೇ ತಾನೆ. ಅವಳ ಕೈ ಮುರಿದಿದ್ದು ಅದ್ರಿಂದಾನೆ."

ಅವನನ್ನು ಒಂದು ಆರೋಪದಿಂದ ಬಿಡಿಸಿ ಇನ್ನೊಂದಕ್ಕೆ ಕಟ್ಟಿಹಾಕಿದ್ದೆ. ತಪ್ಪಿನಲ್ಲಿ ನಮ್ಮ ಪಾಲೆಷ್ಟು, ಶೆಡ್ಡಿನವರ ಪಾಲೆಷ್ಟು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ರತ್ನಮ್ಮ ಮರದ ನೆರಳಿನಿಂದ ಬಂದು ಅವನ ಎದುರು ನಿಂತಿದ್ದಳು.

"ಪಟ್ಟಿ ಎಲ್ರೂ ಆಕ್ಸವ್ರೆ," ಎಂದಳು. "ನೀನು ಬ್ರೇಕ್ ಒತ್ತಿದ್ದೆ."

ಅವನು ತಲೆಯೆತ್ತಿ ನೋಡಿದ. ಆಕೆ ಗಾಡಿಯನ್ನು ಸುತ್ತಿಕೊಂಡು ಎಡಗಡೆಯ ಬಾಗಿಲಿಗೆ ಹೋದಳು. ಬಲಗೈಗೆ ಇನ್ನೂ ಬಲವಿರಲಿಲ್ಲ. ಎಡಗೈಯಿಂದಲೇ ಹಿಡಿಕೆ ಹಿಡಿದು, ಒಂದು ಸಲ ಜಾರಿ, ಮತ್ತೆ ಕಾಲು ಕೊಟ್ಟು ಹತ್ತಿ ಕೂತಳು. ಕೂತು ಸೆರಗು ಸರಿಮಾಡಿಕೊಂಡು, ಅವನಿನ್ನೂ ಅಲ್ಲೇ ಕೂತಿರುವುದನ್ನು ಕನ್ನಡಿಯಲ್ಲಿ ನೋಡಿ, "ನಡಿ, ಮಾರ್ಕೆಟ್ಟಿಗೆ ಒತ್ತಾಯ್ತದೆ," ಎಂದಳು.